ಲಿವರ್ ಕ್ಯಾನ್ಸರ್‌ನಲ್ಲಿ ಎಎಫ್‌ಪಿ ವರದಿಯನ್ನು ಓದುವ ಬಗೆ

ಹೆಪಟೊಸೆಲ್ಯುಲರ್ ಕಾರ್ಸಿನೋಮ, ಅಂದರೆ ಲಿವರ್‌ನ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್, ಇರುವವರ ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ಅಥವಾ ಎಎಫ್‌ಪಿ ಎಂಬ ಪ್ರೋಟೀನನ್ನು ಅಳೆಯುವುದು ವಾಡಿಕೆ. ವರದಿ ಕೈಗೆ ಬಂದೊಡನೆ ಅಂಕಿಗಿಂತ ಮೊದಲು ಅದರ ಅಳತೆಮಾನವನ್ನು ನೋಡಿ. ಕೆಲವು ಪ್ರಯೋಗಾಲಯಗಳು ಪ್ರತಿ ಮಿಲಿಲೀಟರ್‌ಗೆ ನ್ಯಾನೊಗ್ರಾಂನಲ್ಲಿ, ಕೆಲವು ಅಂತರರಾಷ್ಟ್ರೀಯ ಯೂನಿಟ್‌ನಲ್ಲಿ ಬರೆಯುತ್ತವೆ. ಒಂದು ಯೂನಿಟ್ ಸುಮಾರು 1.2 ನ್ಯಾನೊಗ್ರಾಂಗೆ ಸಮ.

ಬಳಿಕ ಲಿವರ್‌ನ ಕಾರ್ಯಕ್ಷಮತೆಯನ್ನು ತೋರಿಸುವ ಅಲ್ಬುಮಿನ್ ಮತ್ತು ಬಿಲಿರುಬಿನ್ ಪ್ರಮಾಣಗಳನ್ನು ಓದಿ. ಗಡ್ಡೆಯ ಸುತ್ತಲಿನ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದೂ ಆಯುಷ್ಯವನ್ನು ನಿರ್ಧರಿಸುವುದರಿಂದ, ಎಎಫ್‌ಪಿಯೊಂದನ್ನೇ ಹಿಡಿದು ಭವಿಷ್ಯ ಹೇಳುವುದು ಸರಿಯಲ್ಲ. ಅದು ಬಹಳ ಹೆಚ್ಚಿದ್ದರೆ ರೋಗ ಉಗ್ರವಾಗಿರುವ ಸಂಭವ ಹೆಚ್ಚು, ನಿಜ. ಆದರೆ ಸಣ್ಣ ಗಡ್ಡೆಯಿರುವ ಅನೇಕರಲ್ಲಿ ಅದು ಸಹಜ ಮಟ್ಟದಲ್ಲೇ ಇರುತ್ತದೆ, ಹೆಪಟೈಟಿಸ್ ಉಲ್ಬಣಿಸಿದಾಗ ಕ್ಯಾನ್ಸರ್ ಇಲ್ಲದವರಲ್ಲೂ ಏರುತ್ತದೆ.

ರೋಗದ ಗತಿಯನ್ನು ಸೂಚಿಸುವುದು ಬೇರೆ, ಔಷಧಕ್ಕೆ ರೋಗ ಹೇಗೆ ಸ್ಪಂದಿಸೀತು ಎಂದು ಸೂಚಿಸುವುದು ಬೇರೆ. ಈ ವ್ಯತ್ಯಾಸವನ್ನು ರಾಮುಸಿರುಮ್ಯಾಬ್ ಎಂಬ ಕ್ಯಾನ್ಸರ್ ಔಷಧದ ಅನುಭವ ಚೆನ್ನಾಗಿ ತೋರಿಸುತ್ತದೆ. ಮೊದಲು ಸೊರಾಫೆನಿಬ್ ಎಂಬ ಇನ್ನೊಂದು ಔಷಧ ಪಡೆದಿದ್ದವರಿಗೆ ಎಎಫ್‌ಪಿಯನ್ನು ಲೆಕ್ಕಿಸದೆ ಅದನ್ನು ಕೊಟ್ಟ 'ರೀಚ್' ಅಧ್ಯಯನದಲ್ಲಿ ಖಚಿತ ಪ್ರಯೋಜನ ಕಾಣಲಿಲ್ಲ. 400 ನ್ಯಾನೊಗ್ರಾಂ ಅಥವಾ ಹೆಚ್ಚು ಇದ್ದವರನ್ನೇ ಆರಿಸಿಕೊಂಡ 'ರೀಚ್-2'ರಲ್ಲಿ ಮಧ್ಯಕ ಬದುಕುಳಿವು, ಅಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ, 7.3ರಿಂದ 8.5 ತಿಂಗಳಿಗೆ ಏರಿತು, 2019ರಲ್ಲಿ ಅಮೆರಿಕದಲ್ಲಿ ಆ ಗುಂಪಿಗೆ ಅನುಮತಿಯೂ ದೊರೆಯಿತು. ಗಳಿಕೆ ಸಣ್ಣದು, ಅದನ್ನು ರೋಗಿಗೆ ಮುಚ್ಚಿಡಬಾರದು. ಹೆಚ್ಚು ಬಳಕೆಯಲ್ಲಿರುವ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಔಷಧಗಳ ಜೋಡಿಯನ್ನು ಆರಿಸಲು ಎಎಫ್‌ಪಿಯ ಮಿತಿಯೇನೂ ಇಲ್ಲ.

ದುಬಾರಿ ಜೀನ್ ಪರೀಕ್ಷೆಗೆ ಒಪ್ಪುವ ಮುನ್ನ, ಅದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೇ ಎಂದು ವೈದ್ಯರನ್ನು ಕೇಳಿ. ಈ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾದ ಟರ್ಟ್, ಟಿಪಿ53 ಎಂಬ ಜೀನ್‌ಗಳ ಮಾರ್ಪಾಡುಗಳು ಸದ್ಯ ಔಷಧದ ಆಯ್ಕೆಯನ್ನು ನಿರ್ದೇಶಿಸುವುದಿಲ್ಲ. ಬಯಾಪ್ಸಿಯಲ್ಲಿ ಪಿತ್ತನಾಳದ ಕ್ಯಾನ್ಸರ್ ಎಂದು ಬಂದರೆ ಮಾತ್ರ ಮಾತು ಬೇರೆ: ಅಲ್ಲಿ ಎಫ್‌ಜಿಎಫ್‌ಆರ್2, ಐಡಿಎಚ್1 ಜೀನ್‌ಗಳ ಬದಲಾವಣೆಗಳಿಗೆ ನಿರ್ದಿಷ್ಟ ಔಷಧಗಳಿವೆ.

ಚಿಕಿತ್ಸೆ ಶುರುವಾದ ಮೇಲೆ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸ್ಕ್ಯಾನ್‌ನೊಂದಿಗೆ ಹೋಲಿಸಿ. ಮೊದಲೇ ಎಎಫ್‌ಪಿ ಸಹಜವಾಗಿದ್ದವರಲ್ಲಿ ಅದರ ಇಳಿಕೆಯನ್ನು ಕಾಯುವುದರಲ್ಲಿ ಅರ್ಥವಿಲ್ಲ. ಅಂಥವರಿಗೆ ಪಿವ್ಕಾ-2 ಎಂಬ ಇನ್ನೊಂದು ರಕ್ತಸೂಚಕ ನೆರವಾಗಬಹುದು, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ ಅದು ತಾನಾಗಿಯೇ ಏರುವುದರಿಂದ ಆ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿರಬೇಕು.