ಮೂರು ಸೆಲ್‌ನಲ್ಲಿ ಒಂದು ಸೋಮಾರಿ

ತುಮಕೂರಿನ ನಮ್ಮ ಮನೆ ಹಿಂದಿನ ಬಯಲಲ್ಲಿ ರಿಮೋಟ್ ವಿಮಾನ ಹಾರಿಸ್ತೀನಿ. ಎಂಟು ನಿಮಿಷ ಹಾರುತ್ತಿದ್ದದ್ದು ಹೋದ ತಿಂಗಳು ಮೂರೇ ನಿಮಿಷಕ್ಕೆ ಇಳಿಯತೊಡಗಿತು. ಮೋಟಾರ್ ಮೇಲೆ ಅನುಮಾನಪಟ್ಟು, ಅದನ್ನು ಬಿಚ್ಚಿ ಒಂದು ಭಾನುವಾರ ಹಾಳು ಮಾಡಿಕೊಂಡೆ.

ಆಮೇಲೆ ಬ್ಯಾಟರಿ ನೋಡಿದೆ. ಪ್ಯಾಕ್ ಮೂರು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್), 2200 ಎಂಎಎಚ್. ಚಾರ್ಜ್ ಮುಗಿದಾಗ ಒಟ್ಟು 12.6 ವೋಲ್ಟ್, ಸರಿಯಾಗೇ ಇತ್ತು. ಆದರೆ ಪ್ರತಿ ಸೆಲ್‌ನಿಂದ ಬರುವ ಸಣ್ಣ ವೈರ್‌ಗಳ ಬ್ಯಾಲೆನ್ಸ್ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಸೆಲ್ ನೋಡಿದರೆ 4.33, 4.32, 3.95! ಎದೆ ಧಸಕ್ಕೆಂದಿತು. ಈ ಸೆಲ್‌ಗಳು 4.2 ದಾಟಬಾರದು; ದಾಟಿದರೆ ಊದಿಕೊಂಡು ಬೆಂಕಿಯೂ ಹತ್ತಬಹುದು.

ತಪ್ಪು ನನ್ನದೇ. ಆ ಕನೆಕ್ಟರ್‌ನ ಒಂದು ಪಿನ್ ಸಡಿಲವಾಗಿ ಚಾರ್ಜರ್ ಎರರ್ ಕೊಡುತ್ತಿತ್ತು. ತಲೆನೋವು ಬೇಡವೆಂದು ಬರೀ ಕೆಂಪು-ಕಪ್ಪು ಮುಖ್ಯ ವೈರ್‌ನಲ್ಲೇ ಚಾರ್ಜ್ ಮಾಡುತ್ತಿದ್ದೆ. ಹಾಗೆ ಮಾಡಿದರೆ ಚಾರ್ಜರ್‌ಗೆ ಒಟ್ಟು ವೋಲ್ಟ್ ಮಾತ್ರ ಕಾಣುತ್ತೆ, ಒಂದೊಂದು ಸೆಲ್‌ನದು ಕಾಣಲ್ಲ.

ಪ್ಯಾಕ್ ಊದಿರಲಿಲ್ಲ, ಊದಿದ್ದರೆ ಬಿಸಾಡುತ್ತಿದ್ದೆ. ಅಂಗಳದಲ್ಲಿಟ್ಟು, 12 ವೋಲ್ಟ್ ಬೈಕ್ ಬಲ್ಬ್ ಉರಿಸಿ, ಹೆಚ್ಚಾಗಿದ್ದ ಸೆಲ್‌ಗಳು 4 ವೋಲ್ಟ್‌ಗಿಂತ ಕೆಳಗೆ ಬರುವವರೆಗೆ ಇಳಿಸಿದೆ. ಪಿನ್ ಕೂರಿಸಿದೆ, ಒಂದು ಸಲಕ್ಕೆ ಒಂದೇ ವೈರ್ ಮುಟ್ಟಿ. ಎರಡು ತಾಗಿದರೆ ಶಾರ್ಟ್. ಆಮೇಲೆ ಎಲ್ಲ ಸೆಲ್‌ಗಳನ್ನೂ ಸಮಕ್ಕೆ ತರುವ ಬ್ಯಾಲೆನ್ಸ್ ಮೋಡ್‌ನಲ್ಲಿ ಅರ್ಧ ಆಂಪಿಯರ್‌ನಷ್ಟೇ ಕೊಟ್ಟು, ಪಕ್ಕದಲ್ಲೇ ಕೂತು ಕಾದೆ. ಮೂರೂ 4.2ಕ್ಕೆ ಬಂದವು.

ಈಗ ಏಳು ನಿಮಿಷ ಹಾರುತ್ತೆ. ಚಾರ್ಜಿಂಗ್ ಮಾತ್ರ ಅಮ್ಮನ ಹಳೇ ಮಣ್ಣಿನ ಕುಂಡದೊಳಗೆ. ಅದರಲ್ಲಿದ್ದ ದಾಸವಾಳ ಎಲ್ಲಿ ಅಂತ ಅವರಿನ್ನೂ ಕೇಳುತ್ತಿದ್ದಾರೆ.