ಮನೆಗೆ ಲ್ಯಾನ್ ಎಳೆಸುವಾಗ ಯಾವ ಕೇಬಲ್, ಯಾವ ಕನೆಕ್ಟರ್ ತಗೋಬೇಕು?

ದಾವಣಗೆರೆಯಲ್ಲಿ ಈಗ ಕಟ್ಟುವ ಮನೆಗಳಿಗೆ ಮೇಲೊಂದು ಅಂತಸ್ತು ಇರೋದು ಮಾಮೂಲು. ಫೈಬರ್ ಬಂದು ಕೂರೋದು ಮಾತ್ರ ಕೆಳಗಿನ ಹಾಲ್‌ನಲ್ಲಿ, ಟಿವಿ ಪಕ್ಕ. ನಡುವೆ ಆರ್‌ಸಿಸಿ ಇದೆ, ಅದರೊಳಗೆ ಕಬ್ಬಿಣ ಇದೆ, ಹಾಗಾಗಿ ಮೇಲಿನ ರೂಮಿಗೆ ಹೋಗುವಷ್ಟರಲ್ಲಿ ವೈಫೈ ಒಂದು ಗೆರೆಗೆ ಇಳಿದಿರುತ್ತದೆ. ಇದಕ್ಕೆ ದುಬಾರಿ ರೌಟರ್ ಮದ್ದಲ್ಲ. ಕೆಳಗಿಂದ ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆದು, ಮೇಲೆ ಒಂದು ಸಾಧಾರಣ ರೌಟರನ್ನು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹರಡುವ ಪೆಟ್ಟಿಗೆ) ಮಾಡಿ ಇಟ್ಟರೆ ಸಾಕು. ಆದರೆ ಆ ಕೇಬಲ್ ಗೋಡೆಯೊಳಗೆ ಹೋದ ಮೇಲೆ ಮತ್ತೆ ತೆಗೆಯೋದು ಕಷ್ಟ ಅಲ್ವಾ, ಅದಕ್ಕೇ ತಗೊಳ್ಳುವಾಗಲೇ ಸರಿಯಾಗಿ ನೋಡಿ ತಗೋಬೇಕು.

ನನ್ನ ಸಲಹೆ ಒಂದೇ ಸಾಲು: ಅಪ್ಪಟ ತಾಮ್ರದ ಕ್ಯಾಟ್ 6 ಯುಟಿಪಿ ಕೇಬಲ್ ತಗೊಳ್ಳಿ. ಕ್ಯಾಟ್ ಅಂದರೆ ಕೇಬಲ್‌ನ ದರ್ಜೆ, ಯುಟಿಪಿ ಅಂದರೆ ಫಾಯಿಲ್ ಸುತ್ತದೆ ತಂತಿಗಳನ್ನು ಜೋಡಿ ಜೋಡಿಯಾಗಿ ಹೆಣೆದ ಕೇಬಲ್.

ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ವೇಗ ಕೊಡುತ್ತದೆ. ಹಳೆ ಮನೆಯಲ್ಲಿ ಅದೇ ಇದ್ದು ಚೆನ್ನಾಗಿದ್ದರೆ ಸುಮ್ನೆ ಕಿತ್ತು ಹಾಕಬೇಡಿ. ಹೊಸದಾಗಿ ಎಳೆಸುವವರಿಗೆ ಕ್ಯಾಟ್ 6 ಯಾಕೆ ಅಂದರೆ, ಅದು ಸುಮಾರು 55 ಮೀಟರ್ ಒಳಗೆ 10 ಗಿಗಾಬಿಟ್‌ವರೆಗೂ ಹೋಗಬಲ್ಲದು, ಮನೆಯೊಳಗೆ ಅಷ್ಟು ಉದ್ದ ಯಾರಿಗೂ ಬೇಕಾಗಲ್ಲ. ಕ್ಯಾಟ್ 6ಎ ಪೂರ್ತಿ 100 ಮೀಟರ್‌ಗೆ 10 ಗಿಗಾಬಿಟ್ ಕೊಡುತ್ತದೆ, ಆದರೆ ದಪ್ಪ ಜಾಸ್ತಿ, ಪೈಪ್‌ನಲ್ಲಿ ಬಗ್ಗಿಸೋದು ತಲೆನೋವು. ಕ್ಯಾಟ್ 8 ಡೇಟಾ ಸೆಂಟರ್‌ನವರಿಗೆ, ಅದರ ಅಳತೆಯೇ 30 ಮೀಟರ್. ಆನ್‌ಲೈನಲ್ಲಿ ಕ್ಯಾಟ್ 7, ಕ್ಯಾಟ್ 8 ಅಂತ ಹೊಳೆಯುವ ಕೇಬಲ್ ನೋಡಿ ಮರುಳಾಗಬೇಡಿ, ಅದರ ತುದಿಗೆ ಇರೋದು ಅದೇ ಆರ್‌ಜೆ 45 ಅನ್ನುವ ಎಂಟು ಪಿನ್ನಿನ ಲ್ಯಾನ್ ಕನೆಕ್ಟರ್, ನಿಮ್ಮ ರೌಟರ್ ಓಡೋದು ತನ್ನ ವೇಗಕ್ಕೇ. ಎಸ್‌ಟಿಪಿ ಅಂತ ಒಳಗೆ ಫಾಯಿಲ್ ಸುತ್ತಿದ ಕೇಬಲ್ ಕೂಡ ಮನೆಗೆ ಬೇಡ. ಅದಕ್ಕೆ ಲೋಹದ ಕನೆಕ್ಟರ್ ಬೇಕು, ಅರ್ಥಿಂಗ್ ಸರಿಯಾಗಿ ಕೊಡಬೇಕು, ಅದಿಲ್ಲದಿದ್ದರೆ ಆ ಫಾಯಿಲ್‌ನಿಂದ ಉಪಯೋಗವಿಲ್ಲ.

ನಿಜವಾಗಿ ಮೋಸ ಆಗೋದು ಲೋಹದಲ್ಲಿ. ಅಶೋಕ ರಸ್ತೆ ಕಡೆ ಹೋಗಿ ಕೇಳಿ ಅಥವಾ ಮನೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ, ಎರಡು ರೇಟಿನ ಕ್ಯಾಟ್ 6 ಸಿಗುತ್ತದೆ. ಕಡಿಮೆ ರೇಟಿನದು ಹೆಚ್ಚಾಗಿ ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತೆಳ್ಳಗೆ ತಾಮ್ರ ಹಚ್ಚಿದ್ದು, ಬೆಂಟೆಕ್ಸ್ ಬಳೆಗೆ ಚಿನ್ನದ ನೀರು ಹಚ್ಚಿದ ಹಾಗೆ. ಅದರ ರೆಸಿಸ್ಟೆನ್ಸ್ ತಾಮ್ರಕ್ಕಿಂತ ತುಂಬಾ ಜಾಸ್ತಿ. ಉದ್ದ ಹೆಚ್ಚಾದಂತೆ ಸಿಗ್ನಲ್ ಸೊರಗುತ್ತದೆ. ನಾಲ್ಕು ಸಲ ಬಗ್ಗಿಸಿದರೆ ತಂತಿ ಮುರಿಯುತ್ತದೆ. ಇದೇ ಕೇಬಲ್‌ನಲ್ಲಿ ಸಿಸಿ ಕ್ಯಾಮೆರಾಗೆ ಕರೆಂಟ್ ಕೂಡ ಕಳಿಸುವ ಪಿಓಇ ಹಾಕಿದರೆ ತಂತಿ ಬಿಸಿಯಾಗುತ್ತದೆ, ಕ್ಯಾಮೆರಾಗೆ ಬೇಕಾದಷ್ಟು ವೋಲ್ಟೇಜ್ ತಲುಪದೆ ರಾತ್ರಿ ಲೈಟ್ ಆನ್ ಆದ ತಕ್ಷಣ ಆಫ್ ಆಗಿ ಆನ್ ಆಗುತ್ತಾ ಇರುತ್ತದೆ. ಪತ್ತೆ ಹಚ್ಚೋದು ಸುಲಭ. ಒಂದು ಎಳೆಯ ಸಿಪ್ಪೆ ಸುಲಿದು ಬ್ಲೇಡಿನಿಂದ ತಂತಿಯನ್ನು ಕೆರೆಯಿರಿ, ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಕತ್ತರಿಸಿದ ತುದಿಯನ್ನು ನೋಡಿದರೂ ಗೊತ್ತಾಗುತ್ತದೆ. ಡಬ್ಬಿ ಎತ್ತಿದಾಗ ಹಗುರ ಅನ್ನಿಸಿದರೆ ಆಗಲೇ ಅನುಮಾನ ಪಡಿ. ಪೂರ್ತಿ ಡಬ್ಬಿ ಅಂದರೆ 305 ಮೀಟರ್, ಮನೆಗೆ ಅಷ್ಟು ಬೇಡ, ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿಯಲ್ಲಿ ತಗೊಳ್ಳಿ. ಕೇಬಲ್ ಮೈಮೇಲೆ 23 ಅಥವಾ 24 ಎಡಬ್ಲ್ಯೂಜಿ ಅಂತ ಅಚ್ಚಾಗಿರುತ್ತದೆ, ಅಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ.

ಗೋಡೆಯೊಳಗೆ ಹೋಗುವುದಕ್ಕೆ ಒಂಟಿ ಗಟ್ಟಿ ತಂತಿಯ ಕೇಬಲ್ ಬೇಕು. ರೌಟರ್‌ನಿಂದ ಕಂಪ್ಯೂಟರ್‌ಗೆ ಹೋಗುವ ಗಿಡ್ಡ ಪ್ಯಾಚ್ ಕಾರ್ಡ್ ಮಾತ್ರ ಸಣ್ಣ ಎಳೆಗಳದ್ದು, ಅದನ್ನು ರೆಡಿಮೇಡ್ ತಗೊಳ್ಳೋದೇ ಒಳ್ಳೇದು.

ಈಗ ಕನೆಕ್ಟರ್. ಕ್ಯಾಟ್ 6 ಕೇಬಲ್‌ಗೆ ಕ್ಯಾಟ್ 6 ಅಂತಲೇ ಕೇಳಿ ಆರ್‌ಜೆ 45 ತಗೊಳ್ಳಿ. ಕ್ಯಾಟ್ 5ಇ ಕನೆಕ್ಟರ್‌ನ ತೂತು ಸಣ್ಣದು, ದಪ್ಪ ತಂತಿ ತುದಿವರೆಗೂ ಹೋಗಲ್ಲ, ಕೆಲವರು ತುರುಕಿ ಕ್ರಿಂಪ್ ಮಾಡಿಬಿಡುತ್ತಾರೆ (ಅಂದರೆ ಟೂಲಿನಿಂದ ಒತ್ತಿ ಕೂರಿಸಿಬಿಡುತ್ತಾರೆ), ಮೂರು ತಿಂಗಳಿಗೆ ಸಡಿಲ ಆಗುತ್ತದೆ. ತಂತಿಗಳು ಮುಂದೆ ಆಚೆ ಬರುವ ಪಾಸ್ ಥ್ರೂ ಕನೆಕ್ಟರ್ ಹೊಸಬರಿಗೆ ಅನುಕೂಲ, ಬಣ್ಣ ನೋಡಿ ಖಾತ್ರಿ ಮಾಡಿಕೊಳ್ಳಬಹುದು, ಆದರೆ ಅದಕ್ಕೆ ಮುಂದಿನ ತುದಿ ಕತ್ತರಿಸುವ ಬೇರೆ ಕ್ರಿಂಪಿಂಗ್ ಟೂಲ್ ಬೇಕು. ಗೋಡೆಯ ಹತ್ತಿರ ನೇರವಾಗಿ ಕನೆಕ್ಟರ್ ನೇತಾಡಿಸುವ ಬದಲು ಸ್ವಿಚ್ ಬೋರ್ಡ್‌ನ ಥರದ ಲ್ಯಾನ್ ಸಾಕೆಟ್ ಹಾಕಿಸಿ. ಗಟ್ಟಿ ತಂತಿ ಪದೇ ಪದೇ ಅಲ್ಲಾಡಬಾರದು.

ಬಣ್ಣದ ಕ್ರಮ ಟಿ568ಬಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳು ಮೇಲೆ, ತಂತಿ ಹೋಗುವ ಬಾಯಿ ನಿಮ್ಮ ಕಡೆ ಇದ್ದಾಗ ಎಡದಿಂದ ಎಣಿಸಬೇಕು. "ಎರಡೂ ಕಡೆ ಒಂದೇ ಥರ ಹಾಕಿದರೆ ಸಾಕು, ಬಣ್ಣ ಹೇಗಿದ್ದರೇನು" ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಒಳಗೆ ನಾಲ್ಕು ಜೋಡಿಗಳನ್ನು ಹೆಣೆದಿರೋದೇ ಒಂದರ ಗಲಾಟೆ ಇನ್ನೊಂದಕ್ಕೆ ತಾಗಬಾರದು ಅಂತ. 3 ಮತ್ತು 6ನೇ ಪಿನ್ ಒಂದೇ ಜೋಡಿಯದ್ದಾಗಿರಬೇಕು, ಅದಕ್ಕೇ ಹಸಿರು ನೀಲಿಯ ಆಚೆಗೆ ಹಾರಿ ಕೂರೋದು. ಮನಸ್ಸಿಗೆ ಬಂದ ಹಾಗೆ ಜೋಡಿಸಿದರೆ ಅಗ್ಗದ ಟೆಸ್ಟರ್‌ನಲ್ಲಿ 1ರಿಂದ 8ರವರೆಗೆ ಎಲ್ಲ ಲೈಟೂ ಚೆನ್ನಾಗಿಯೇ ಹತ್ತುತ್ತವೆ, ನೆಟ್ ಮಾತ್ರ ಕುಂಟುತ್ತದೆ. ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ, ಹೊರಗಿನ ಸಿಪ್ಪೆ ಕನೆಕ್ಟರ್ ಒಳಗೆ ಸಿಕ್ಕಿಕೊಂಡಿರಬೇಕು.

ಎಳೆಸುವಾಗ 230 ವೋಲ್ಟ್ ಕರೆಂಟ್ ವೈರ್ ಇರುವ ಪೈಪ್‌ನಲ್ಲೇ ಇದನ್ನೂ ತುರುಕಬಾರದು. ಎಲೆಕ್ಟ್ರಿಷಿಯನ್‌ಗೆ ಅದು ಸುಲಭದ ದಾರಿ, ಕೇಳಿದರೆ "ಏನೂ ಆಗಲ್ಲ ಬಿಡಿ ಸಾರ್" ಅಂತಾನೆ. ಬೇರೆ ಪೈಪ್ ಹಾಕಿಸಿ, ಒಂದು ಗೇಣಿನಷ್ಟು ಅಂತರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಪೈಪ್‌ನಲ್ಲಿ ಒಂದು ನೈಲಾನ್ ದಾರ ಬಿಟ್ಟಿರಿ, ಮುಂದೆ ಇನ್ನೊಂದು ಕೇಬಲ್ ಎಳೆಯೋಕೆ ಬೇಕಾಗುತ್ತದೆ.

ಮಾಳಿಗೆ ಮೇಲೆ ಹೋಗುವುದಾದರೆ ಹೊರಗಿನ ಬಳಕೆಗೆ ಅಂತಲೇ ಬರುವ ಕಪ್ಪು ಹೊದಿಕೆಯ ಕೇಬಲ್ ತಗೊಳ್ಳಿ. ನಮ್ಮ ಬೇಸಿಗೆ ಬಿಸಿಲಿಗೆ ಮಾಮೂಲಿ ಕೇಬಲ್‌ನ ಸಿಪ್ಪೆ ಒಣಗಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಆ ಬಿರುಕಿನಿಂದ ನೀರು ಒಳಗಿಳಿಯುತ್ತದೆ. ಚಿತ್ರದುರ್ಗದ ಕೋಟೆ ಕಡೆ ಮನೆ ಇರುವವರು ಕಪ್ಪು ಕೇಬಲನ್ನೂ ಪೈಪ್‌ನೊಳಗೇ ಹಾಕಿ, ಕೋತಿಗಳಿಗೆ ಹೊರಗಿನ ಒಳಗಿನ ಭೇದ ಇಲ್ಲ. ಚನ್ನಗಿರಿ ಕಡೆ ತೋಟದ ಮನೆಯಿಂದ ಗೋಡೌನ್‌ಗೆ ನೆಟ್ ಒಯ್ಯಬೇಕು ಅನ್ನುವವರು ತಾಮ್ರವನ್ನೇ ಮರೆತುಬಿಡಿ. 100 ಮೀಟರ್ ದಾಟಿದರೆ ಅದು ನಡೆಯಲ್ಲ, ಅದಕ್ಕಿಂತ ಮುಖ್ಯವಾಗಿ ಸಿಡಿಲು ಹತ್ತಿರ ಬಿದ್ದರೆ ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಫೈಬರ್ ಹಾಕಿಸಿ ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ ಬದಲಿಸುವ ಪೆಟ್ಟಿಗೆ) ಇಡಿ, ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಗಟ್ಟಿಯಾಗಿರಲಿ ಅಂತ ಲೋಹದ ತಂತಿ ಸೇರಿಸಿದ ಫೈಬರ್ ಮಾತ್ರ ಬೇಡ.

ಫೈಬರ್ ಕನೆಕ್ಟರ್‌ನಲ್ಲಿ ನೋಡಬೇಕಾದ್ದು ಬಣ್ಣ. ಹಸಿರಿನದು ಎಪಿಸಿ, ಅದರ ತುದಿ 8 ಡಿಗ್ರಿ ಓರೆ. ನೀಲಿಯದು ಯುಪಿಸಿ. ಹಸಿರಿಗೆ ಹಸಿರೇ, ನೀಲಿಗೆ ನೀಲಿಯೇ. ಅದಲು ಬದಲು ಮಾಡಿದರೂ ಒಳಗೆ ಹೋಗಿ ಕೂರುತ್ತದೆ, ಆದರೆ ಬೆಳಕು ನಷ್ಟವಾಗಿ ತುದಿಯೂ ಹಾಳಾಗುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಉರಿಯುವ ಲೈನ್‌ನ ತುದಿಗೆ ಕಣ್ಣಿಟ್ಟು ನೋಡಬೇಡಿ, ಕಾಣದ ಬೆಳಕು ಅದು.

ಎಲ್ಲ ಮುಗಿದ ಮೇಲೆ ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಸಿಕ್ಕಿಸಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಟಿವಿಯಲ್ಲಿ ನೋಡಬೇಡಿ, ಬಹಳಷ್ಟು ಟಿವಿಗಳ ಪೋರ್ಟೇ 100 ಮೆಗಾಬಿಟ್‌ನದು. ರೌಟರ್ ಪೋರ್ಟ್ ಕೂಡ ಗಿಗಾಬಿಟ್ ಇದ್ದು, 1000 ಬರಬೇಕಾದ ಕಡೆ 100 ಅಂತ ತೋರಿಸಿದರೆ ಎಂಟರಲ್ಲಿ ಯಾವುದೋ ತಂತಿ ಸರಿಯಾಗಿ ಕೂತಿಲ್ಲ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕೆಲಸದವನಿಗೆ ದುಡ್ಡು ಕೊಡುವ ಮುಂಚೆಯೇ ಆ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿಸಿ.