ಬೆಕ್ಕಿನ ಬೇಟೆಯಾಟ: ನಾನು ಆಡಿಸಲು ಕಲಿತ ಬಗೆ

ನಮ್ಮ ಬೆಕ್ಕು ಚಿನ್ನಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅದು ಹಿತ್ತಲಿನಿಂದ ಓತಿಕ್ಯಾತ, ಅಳಿಲಿನ ಮರಿಗಳನ್ನು ಕಚ್ಚಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಡುತ್ತಿತ್ತು. ದಾಸವಾಳದ ಗಿಡದಲ್ಲಿದ್ದ ಗೂಡಿನಿಂದ ತಂದ ಪಿಕಳಾರದ ಮರಿಯೊಂದು ನನ್ನ ಅಂಗೈಯಲ್ಲೇ ಪ್ರಾಣ ಬಿಟ್ಟ ದಿನದಿಂದ ನಾನು ಚಿನ್ನಿಯನ್ನು ಗದರಿಸುವುದನ್ನು ಬಿಟ್ಟು, ಅದು ಬೇಟೆಯಾಡುವ ಕ್ರಮವನ್ನು ಗಮನಿಸತೊಡಗಿದೆ.

ಅದುವರೆಗೆ ಅದರ ಮುಖದ ಮುಂದೆ ದಾರ ಅಲ್ಲಾಡಿಸುವುದನ್ನೇ ನಾನು ಆಟವೆಂದು ತಿಳಿದಿದ್ದೆ. ಆದರೆ ಯಾವ ಇಲಿಯೂ ಬೆಕ್ಕಿನ ಮುಖದತ್ತ ಓಡಿ ಬರುವುದಿಲ್ಲ. ಮೇಲಾಗಿ ಮೂಗಿಗೆ ತೀರ ಹತ್ತಿರವಿರುವುದು ಬೆಕ್ಕಿಗೆ ಸ್ಪಷ್ಟವಾಗಿ ಕಾಣದ ಕಾರಣ, ಹಿಡಿಯುವ ಗಳಿಗೆಯಲ್ಲಿ ಅದು ಮೀಸೆಗಳನ್ನು ಮುಂದಕ್ಕೆ ಚಾಚಿ ಬೇಟೆಯನ್ನು ತಡವುತ್ತದೆ. ಆಮೇಲೆ ನಾನು ಬಿದಿರಿನ ಕೋಲಿಗೆ ನೂಲು ಕಟ್ಟಿ, ತುದಿಗೆ ಕೋಳಿಯ ಗರಿ ಸಿಕ್ಕಿಸಿ, ಅದನ್ನು ಬೆಕ್ಕಿನಿಂದ ದೂರಕ್ಕೆ, ಚಾಪೆಯ ಅಂಚಿನ ಹಿಂದಕ್ಕೆ ಎಳೆದು, ಅಲ್ಲಿ ಸುಮ್ಮನೆ ನಿಲ್ಲಿಸಲು ಕಲಿತೆ. ನಿಲ್ಲಿಸುವುದೇ ಮುಖ್ಯ. ಗರಿ ಅಲುಗದಿದ್ದಾಗಲೇ ಚಿನ್ನಿ ಹೊಟ್ಟೆಯನ್ನು ನೆಲಕ್ಕೊತ್ತಿ, ಹಿಂಗಾಲುಗಳನ್ನು ತುಸು ಅಲುಗಿಸಿ ನೆಗೆಯುತ್ತಿತ್ತು. ಪ್ರತಿ ಸಲವೂ ಗರಿಯನ್ನು ಎಳೆದು ತಪ್ಪಿಸದೆ, ನಾಲ್ಕೈದು ನೆಗೆತಕ್ಕೊಮ್ಮೆಯಾದರೂ ಅದನ್ನು ಚಿನ್ನಿಯ ಬಾಯಿಗೆ ಬಿಟ್ಟುಕೊಡಬೇಕು. ಹಿಡಿಯಲು ಏನೂ ಸಿಗದ ಲೇಸರ್ ಬೆಳಕಿನಾಟವನ್ನು ನಾನು ಇದೇ ಕಾರಣಕ್ಕೆ ಕೈಬಿಟ್ಟೆ.

ಕೆಲವೇ ನಿಮಿಷಗಳಲ್ಲಿ ಅದು ಬೇಸತ್ತು ಕೂತರೆ ಮೊದಮೊದಲು ದಣಿದಿದೆಯೆಂದುಕೊಳ್ಳುತ್ತಿದ್ದೆ. ಆದರೆ ಬ್ರಿಟನ್ನಿನ ಪ್ರಾಣಿವರ್ತನೆಯ ಸಂಶೋಧಕ ಜಾನ್ ಬ್ರಾಡ್‌ಷಾ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಕಂಡಂತೆ ಬೆಕ್ಕಿಗೆ ಬೇಸರವಾಗುವುದು ಆಟಿಕೆಯ ಮೇಲೆ, ಆಟದ ಮೇಲಲ್ಲ. ಗರಿಯ ಬದಲು ಬಟ್ಟೆಯ ಉಂಡೆ ಕಟ್ಟಿದರೆ ಚಿನ್ನಿ ಮತ್ತೆ ಎದ್ದು ಬರುತ್ತಿತ್ತು. ಹಸಿದ ಬೆಕ್ಕು ಹೆಚ್ಚು ಆಡುತ್ತದೆಂಬುದನ್ನೂ ಅವರೇ ತೋರಿಸಿದ್ದರಿಂದ, ಮುಂಜಾನೆ ಮತ್ತು ಮುಸ್ಸಂಜೆ ಊಟಕ್ಕೆ ಮೊದಲು ಹತ್ತು ನಿಮಿಷ ಆಡಿಸಿ, ಕೂಡಲೇ ತಟ್ಟೆ ಇಡುವುದನ್ನು ರೂಢಿ ಮಾಡಿಕೊಂಡೆ. ಆಟ ಮುಗಿದ ಮೇಲೆ ನೂಲನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತೇನೆ, ಏಕೆಂದರೆ ನುಂಗಿದ ನೂಲು ಬೆಕ್ಕಿನ ಕರುಳನ್ನೇ ಕೊಯ್ಯಬಲ್ಲದು.

ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ತಂದ ಬೇಟೆ ಶೇಕಡಾ 25ರಷ್ಟು, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ತಿಂದವು ತಂದದ್ದು ಶೇಕಡಾ 36ರಷ್ಟು ಕಡಿಮೆಯಾಗಿತ್ತು. ಇದನ್ನು ಓದಿದ ಮೇಲೆ, ಹಾಲನ್ನದಲ್ಲೇ ಬೆಳೆದ ಚಿನ್ನಿಗೆ ಬೇಯಿಸಿದ ಮೀನನ್ನೂ ಕೊಡತೊಡಗಿದೆ. ಈಗ ಅದು ತರುವುದು ಹೆಚ್ಚಾಗಿ ಮಿಡತೆಗಳನ್ನು. ಆದರೂ ಈ ವರ್ಷ ದಾಸವಾಳದಲ್ಲಿ ಪಿಕಳಾರ ಮತ್ತೆ ಗೂಡು ಕಟ್ಟಿದಾಗ, ಮರಿಗಳು ಹಾರಿಹೋಗುವವರೆಗೆ ಚಿನ್ನಿಯನ್ನು ಮನೆಯೊಳಗೇ ಇರಿಸಿಕೊಂಡು ದಿನಕ್ಕೆ ಮೂರು ಬಾರಿ ಆಡಿಸಿದೆ.